ನಗಬಾರದ ಮಂಗಳವಾರ

ಗ್ರೀನಕ್ ಊರಿನ ಹಳೇ ಚರ್ಚಿನ ಹಿಂದಿನ ಕೋಣೆಯಲ್ಲಿ ಪ್ರತಿ ಮಂಗಳವಾರ ಸೇರುತ್ತಿದ್ದ ಹೆಂಗಸರಲ್ಲಿ ಯಾರೂ ಕುಡುಕರಲ್ಲ. ಕುಡುಕರ ಜೊತೆ ಬಾಳುವವರು. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಮಗಳು, ಮತ್ತೊಬ್ಬಳಿಗೆ ಎಂಬತ್ತು ದಾಟಿದ ಅಮ್ಮ. ಕೋಣೆಯ ಬಾಡಿಗೆ, ಹೀಟರು, ಚಹಾ, ಇವರನ್ನೆಲ್ಲ ನಡೆಸಿಕೊಂಡು ಹೋಗುವ ಮೋರಾಗ್‌ಳ ಅರ್ಧ ಸಂಬಳ, ಎಲ್ಲವೂ ಪುರಸಭೆಯ ಅನುದಾನದಲ್ಲೇ ಆಗಬೇಕು.

ಆ ಅನುದಾನಕ್ಕೇ ಈಗ ಕುತ್ತು ಬಂದಿತ್ತು. ಹೋದ ವರ್ಷ ತಪಾಸಣೆಗೆ ಬಂದ ಅಧಿಕಾರಿ ಬಾಗಿಲ ಹೊರಗೇ ನಿಂತು ಒಳಗಿನ ನಗು ಕೇಳಿ, ಇವರು ಅಂಥ ಕಷ್ಟದಲ್ಲೇನೂ ಇಲ್ಲ ಎಂದು ವರದಿ ಮಾಡಿದ್ದ. ಈ ಸಲ ಪುರಸಭೆಯ ಸದಸ್ಯ ಪೆಟಿಗ್ರೂ ಖುದ್ದಾಗಿ ಬರುತ್ತಾರೆಂದು ತಿಳಿದಾಗ ಮೋರಾಗ್ ಎಲ್ಲರನ್ನೂ ಬೇಡಿಕೊಂಡಳು, ಅವರು ಇರುವಷ್ಟು ಹೊತ್ತು ದಮ್ಮಯ್ಯ ಯಾರೂ ನಗಬೇಡಿ ಅಂತ.

ಅವರೆದುರು ಕಷ್ಟ ಹೇಳಿ ಅಳುವ ಕೆಲಸ ಸೆಂಗಾಳ ಪಾಲಿಗೆ ಬಂತು. ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ಸೆಂಗಾ ಗುರುತಿಲ್ಲದವರ ಹೆಣದ ಮುಂದೆಯೂ ಗಳಗಳ ಅಳಬಲ್ಲವಳು. ಸತ್ತವನ ಹೆಂಡತಿಯೇ ಎದ್ದು ಬಂದು ಇವಳನ್ನು ಸಮಾಧಾನ ಮಾಡಿದ್ದುಂಟು.

ಮಂಗಳವಾರ ಬಂತು. ಬೆಣ್ಣೆ ಬಿಸ್ಕತ್ತು ಕಂಡರೆ ಉಳ್ಳವರೆಂದುಕೊಂಡಾರು ಎಂದು ಅದನ್ನು ಬೀರುವಿನಲ್ಲಿ ಅಡಗಿಸಿ, ಸಪ್ಪೆ ಬಿಸ್ಕತ್ತು ಹೊರಗಿಟ್ಟರು. ಮೊಟ್ಟೆಯಿಟ್ಟ ಕೋಳಿಯಂತೆ ನಗುವ ಜೀನೆಟ್‌ಳನ್ನು ಮೂಲೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದರು. ಪೆಟಿಗ್ರೂ ಒದ್ದೆ ಕೊಡೆಯೊಂದಿಗೆ ಒಳಬಂದು, ನಗುವಿನ ಗಂಧವೇ ಇಲ್ಲದ ಮುಖ ಹೊತ್ತು ಕುಳಿತರು.

ಸೆಂಗಾ ಶುರುಮಾಡಿದಳು. ಗಂಡ ರಾಬ್ ಕುಡಿತಕ್ಕಾಗಿ ಮೊದಲು ಇಸ್ತ್ರಿಪೆಟ್ಟಿಗೆ ಮಾರಿದ, ಆಮೇಲೆ ಗಡಿಯಾರ ಮಾರಿದ. ಹೇಳುತ್ತ ಹೇಳುತ್ತ ಕಣ್ಣೀರಿಗಾಗಿ ತಡಕಾಡಿದಳು. ಊರವರ ಸಾವಿಗೆಲ್ಲ ಹರಿದದ್ದು ಸ್ವಂತ ಸಂಸಾರಕ್ಕೆ ತೊಟ್ಟೂ ಬರಲಿಲ್ಲ. ಗಾಬರಿಯಲ್ಲಿ ಮಾತು ಮುಂದೆ ಓಡಿತು. ಒಂದು ದಿನ ಕೆಲಸದಿಂದ ಬಂದು ನೋಡಿದರೆ ವಾಷಿಂಗ್ ಮೆಷಿನ್ನೇ ಮಾಯ.

"ಮೆಷಿನ್ ಹೋದ್ರೆ ಹಾಳಾಗ್ಲಿ, ಅದರೊಳಗೆ ನನ್ನ ಒದ್ದೆ ಬಟ್ಟೆ ಇತ್ತು" ಎಂದಳು.

ಯಾರದೋ ಕುರ್ಚಿ ಕಿರ್ರೆಂದಿತು. ಮೋರಾಗ್ ಸಾಕೆಂದು ಕಣ್ಸನ್ನೆ ಮಾಡಿದಳು. ಆದರೆ ಆ ಕತೆಯನ್ನು ಅಲ್ಲಿಗೆ ನಿಲ್ಲಿಸುವುದು ಸೆಂಗಾಳ ಕೈಯಲ್ಲಿರಲಿಲ್ಲ. ಕೊಂಡುಕೊಂಡವನು ಮೇಲಿನ ಬೀದಿಯ ಒಬ್ಬಂಟಿ ಮುದುಕ, ಬಲು ಮರ್ಯಾದಸ್ಥ. ಒಳಲಂಗ ಸಮೇತ ಎಲ್ಲವನ್ನೂ ಒಣಗಿಸಿ, ಇಸ್ತ್ರಿ ಮಾಡಿ, ಮಡಿಚಿ, ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದು ಬಾಗಿಲು ತಟ್ಟಿದ.

"ರಾಬ್‌ನೇ ಬಾಗಿಲು ತೆಗೆದ. ಯಾರೋ ಬಟ್ಟೆ ಮಾರೋನು ಅಂದ್ಕೊಂಡು, ನಮಗೇನೂ ಬೇಡ ಹೋಗಯ್ಯ ಅಂದ."

ಮೂಲೆಯಲ್ಲಿ ಕೋಳಿ ಕೂಗಿತು. ಮರುಕ್ಷಣ ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು, ಮೋರಾಗ್ ಕೂಡ ಸೇರಿ. ಪೆಟಿಗ್ರೂ ಒಬ್ಬರೇ ನಗಲಿಲ್ಲ. ನಗು ತಗ್ಗುವವರೆಗೂ ಕಾದು, ಇದರಲ್ಲಿ ನಗುವಂಥದ್ದೇನಿದೆ ಎಂದು ಕೇಳಿದರು.

"ಏನೂ ಇಲ್ಲ ಪೆಟಿಗ್ರೂ ಅವ್ರೇ" ಎಂದಳು ಸೆಂಗಾ. "ಮೆಷಿನ್ ಕೆಟ್ಟಿದೆ ಅಂತ ಬೀದಿಗೆಲ್ಲ ಸುಳ್ಳು ಹೇಳ್ಕೊಂಡು, ಸ್ವಂತ ಅಕ್ಕನಿಗೂ ಮುಖ ತೋರಿಸದೆ, ಸ್ನಾನದ ತೊಟ್ಟೀಲಿ ಬಟ್ಟೆ ಒಗೀತಿದ್ದೆ. ಇಲ್ಲಿ ಮೊದಲನೇ ಸಲ ಹೇಳೋಕೆ ಹೋದಾಗ ಅರ್ಧಕ್ಕೇ ಎದ್ದು ಮನೆಗೆ ಹೋಗ್ಬಿಟ್ಟೆ. ಆಮೇಲೊಂದು ದಿನ ಈ ಜೀನೆಟ್ ನಕ್ಕಳು, ನಾನೂ ನಕ್ಕೆ. ರಾಬ್ ಇನ್ನೂ ಕುಡೀತಾನೆ. ನಾನು ಮಾತ್ರ ಈಗ ರಾತ್ರಿ ನಿದ್ದೆ ಮಾಡ್ತೀನಿ."

ಆಗ ಬಂತು ಅಳು, ಯಾರಿಗೂ ಬೇಡವಾದ ಹೊತ್ತಿನಲ್ಲಿ. ಜೀನೆಟ್ ಎದ್ದು ಬಂದು ಅವಳ ಹೆಗಲು ಹಿಡಿದು ನಿಂತಳು.

ಪೆಟಿಗ್ರೂ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, "ಆ ಬಟ್ಟೆ ಏನಾಯ್ತಮ್ಮ?" ಎಂದರು.

"ಮೆಟ್ಟಿಲ ಮೇಲಿಟ್ಟು ಹೋಗಿದ್ದ, ಪಾಪ. ಹುಟ್ಟಿದಾಗಿನಿಂದ ಅಷ್ಟು ಚೆಂದ ಇಸ್ತ್ರಿ ಮಾಡಿದ ಒಳಲಂಗ ನಾನು ಹಾಕಿರಲಿಲ್ಲ."

ಈಗ ಪೆಟಿಗ್ರೂ ನಕ್ಕರು, ಕೆಮ್ಮು ಹತ್ತುವಷ್ಟು. ಮೋರಾಗ್ ಸದ್ದಿಲ್ಲದೆ ಬೀರು ತೆಗೆದು ಬೆಣ್ಣೆ ಬಿಸ್ಕತ್ತು ತಂದಿಟ್ಟಳು.

ಪುರಸಭೆಯಲ್ಲಿ ದೊಡ್ಡ ಜಗಳವೇ ಆಯಿತಂತೆ. ಕುಡುಕರ ಮನೆಯವರ ಹರಟೆಗಿಂತ ರಸ್ತೆಯ ಗುಂಡಿ ಮುಖ್ಯವೆಂದರಂತೆ ಕೆಲವರು. ಪೆಟಿಗ್ರೂ ಪಟ್ಟು ಬಿಡಲಿಲ್ಲ. ಕೊನೆಗೆ ಅನುದಾನ ಉಳಿಯಿತು, ಮುಕ್ಕಾಲು ಪಾಲು. ಮೋರಾಗ್‌ಳ ಸಂಬಳ ಉಳಿದು ಹೀಟರು ಹೋಯಿತು. ಚಳಿಗಾಲ ಪೂರ್ತಿ ಹೆಂಗಸರು ಕೋಟು ತೊಟ್ಟೇ ಕುಳಿತರು.

ಸುದ್ದಿ ಬಂದ ಸಂಜೆ ಸೆಂಗಾ ಮನೆಗೆ ಹೋಗಿ, ನಿನ್ನ ಪುರಾಣ ಹೇಳಿ ಪುರಸಭೆಯಿಂದ ದುಡ್ಡು ತಂದೆವು ಕಣೋ ಎಂದಳು. ಸೋಫಾದ ಮೇಲೆ ಒರಗಿದ್ದ ರಾಬ್ ಒಂದು ಕಣ್ಣು ಮಾತ್ರ ತೆರೆದ.

"ಹಾಗಾದ್ರೆ ಅದರಲ್ಲಿ ನನ್ನ ಪಾಲೆಷ್ಟು?"

ಸೆಂಗಾಳಿಗೆ ನಗು ಉಕ್ಕಿ ಬಂತು. ಅವನೆದುರು ನಗಲಿಲ್ಲ, ಮಂಗಳವಾರಕ್ಕೆಂದು ಎತ್ತಿಟ್ಟುಕೊಂಡು, ಆಲೂಗಡ್ಡೆ ಬೇಯಿಸಲು ಒಳಗೆ ಹೋದಳು.