ದೊಡ್ಡಣ್ಣನ ಮಂಡಿ

ಎಲ್ಲರ ಹಣೆಬರಹ ಅವರವರ ಹಣೆಯ ಮೇಲಿದ್ದರೆ, ಹಂಗಾಮಿಯದು ಮಾತ್ರ ಬೇರೊಬ್ಬರ ಮಂಡಿಯ ಮೇಲಿತ್ತು. ಅದೂ ಎಡ ಮಂಡಿ. ಅದರ ಒಡೆಯ ದೊಡ್ಡಣ್ಣ, ಕ್ಲಬ್ಬಿನ ಹಾಕಿ ತಂಡದ ಲೆಫ್ಟ್ ಹಾಫ್. ವಯಸ್ಸು ಮೂವತ್ತು ದಾಟಿ ಬಹಳ ದಿನವಾಗಿದ್ದರೂ ಅದನ್ನು ಅವನೆದುರು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಮಂಡಿ ಊದಿಕೊಂಡರೆ ಹಂಗಾಮಿಗೆ ಆಟ, ಊತ ಇಳಿದರೆ ಗಂಟುಮೂಟೆ.

ಹಂಗಾಮಿ ಅನ್ನುವುದು ಹೆತ್ತವರು ಇಟ್ಟ ಹೆಸರೇನಲ್ಲ ಬಿಡಿ. ಆ ಕ್ಲಬ್ಬಿನಲ್ಲಿ ಎರಡು ತಂಡ. ಮೇಲಿನ ತಂಡದ ಹದಿನೆಂಟು ಜನಕ್ಕೆ ಸಂಬಳ, ಬೀಗವಿರುವ ಲಾಕರು, ಗೋಡೆಯ ಮೇಲೆ ಹಲ್ಲು ಕಾಣುವಂಥ ದೊಡ್ಡ ಫೋಟೋ. ಕೆಳಗಿನ ತಂಡಕ್ಕೆ ಇದ್ಯಾವುದೂ ಇಲ್ಲ, ಓಟ ಮಾತ್ರ ಅಷ್ಟೇ. ಮೇಲೆ ಯಾರಿಗಾದರೂ ಪೆಟ್ಟಾದರೆ ಕೋಚ್ ಕೆಳಗೆ ಕಣ್ಣು ಹಾಯಿಸಿ, "ನೀನು ಬಾ, ಸದ್ಯಕ್ಕೆ" ಅನ್ನುವನು. ಪೆಟ್ಟಾದವನು ವಾಸಿಯಾಗಿ ಬಂದರೆ ಅದೇ ಮುಖದಲ್ಲಿ "ಸರಿ, ಹೊರಡು" ಅನ್ನುವನು. ಈ 'ಬಾ' ಮತ್ತು 'ಹೊರಡು'ಗಳ ನಡುವೆ ಮೂರು ವರ್ಷ ಕಳೆದ ಹುಡುಗನಿಗೆ ಬೇರೆ ಯಾವ ಹೆಸರು ತಾನೇ ಅಂಟಿಕೊಳ್ಳಬೇಕು? ಅವನ ಬ್ಯಾಗಿಗೂ ಲಾಕರಿರಲಿಲ್ಲ, ಬೆಂಚಿನ ಕೆಳಗೇ ಅದರ ವಾಸ.

ಈ ಸಲ ದೊಡ್ಡಣ್ಣನ ಮಂಡಿ ಉಳುಕಿ ಆರು ವಾರವಾಗಿತ್ತು. ಆರೂ ವಾರ ಹಂಗಾಮಿ ಆಡಿದ್ದ, ಚೆನ್ನಾಗಿಯೇ ಆಡಿದ್ದ. ಲೆಫ್ಟ್ ಹಾಫ್ ಎಂದರೆ ಎಡಗಡೆಯ ಅಂಚಿನುದ್ದಕ್ಕೂ ಉಸಿರು ಕಟ್ಟಿಕೊಂಡು ಓಡುವ ಕೆಲಸ. ನಮ್ಮವರು ಗೋಲು ಹೊಡೆದರೆ ಹೆಸರು ಮುಂದಿನವರಿಗೆ, ಎದುರಿನವರು ಹೊಡೆದರೆ ಬೈಗುಳ ಇವನಿಗೆ. ಇಂಥ ಭಾಗ್ಯಕ್ಕಾಗಿ ಮೂರು ವರ್ಷದಿಂದ ಬಾಯಿಬಾಯಿ ಬಿಡುತ್ತಿದ್ದ ಹುಡುಗ ಅವನು.

ಅಮ್ಮನ ಫೋನು ಪ್ರತಿ ಭಾನುವಾರ ತಪ್ಪದೆ ಬರುತ್ತಿತ್ತು.

"ಏನೋ, ಖಾಯಂ ಆಯ್ತಾ?"

"ಆಗುತ್ತಮ್ಮ."

"ಯಾವಾಗ?"

"ದೊಡ್ಡಣ್ಣನ ಮಂಡಿ ನೋಡ್ಕೊಂಡು ಹೇಳ್ತಾರೆ."

"ಅವನ ಮಂಡಿಗೂ ನಿನ್ನ ಕೆಲಸಕ್ಕೂ ಏನೋ ಸಂಬಂಧ? ಅಯ್ಯೋ ಪಾಪ, ಹೆಂಡತಿ ಮಕ್ಕಳಿರೋನು. ಬೇಗ ವಾಸಿ ಆಗ್ಲಿ ಅಂತ ನಾನೂ ದೇವರಿಗೆ ಬೇಡ್ಕೋತೀನಿ."

"ಅಮ್ಮಾ, ನಿನ್ನ ದಮ್ಮಯ್ಯ, ಬೇಡ್ಕೋಬೇಡ!"

ಆಮೇಲೆ ಫೋನು ಸೋದರಮಾವನ ಕೈಗೆ ಹೋಗುತ್ತಿತ್ತು. ಮಾವನದು ಲಿಫ್ಟ್ ರಿಪೇರಿಯ ಸ್ವಂತ ಕಂಪನಿ. ಅಳಿಯನಿಗಾಗಿ ಒಂದು ಕೆಲಸ ಹಿಡಿದಿಟ್ಟುಕೊಂಡು ಕೂತಿದ್ದ ದೊಡ್ಡ ಮನುಷ್ಯ. "ನೋಡು, ಈ ಸೀಸನ್ ಮುಗಿಯೋವರೆಗೆ ಕಾಯ್ತೀನಿ. ಆಮೇಲೆ ಬೇರೆಯವನನ್ನ ಹಾಕ್ಕೋತೀನಿ. ನಮ್ಮಲ್ಲೂ ಮೇಲೆ ಕೆಳಗೆ ಹೋಗೋದೇ ಕಣಪ್ಪ, ಆದ್ರೆ ತಿಂಗಳಾದ್ರೆ ಸಂಬಳ ಬರುತ್ತೆ" ಎಂದು ತನ್ನ ಹಾಸ್ಯಕ್ಕೆ ತಾನೇ ನಗುತ್ತಿದ್ದ. ಹಂಗಾಮಿಗೆ ಮೈ ಉರಿಯುತ್ತಿತ್ತು. ಮಾವ ಹೇಳಿದ್ದು ನಿಜವಾಗಿದ್ದರಿಂದ ಇನ್ನೂ ಜಾಸ್ತಿ ಉರಿಯುತ್ತಿತ್ತು.

ಸೀಸನ್ನಿಗೆ ಉಳಿದಿದ್ದು ಒಂದೇ ಮ್ಯಾಚು, ಶನಿವಾರದ್ದು. ಕೋಚ್ ಎಲ್ಲರೆದುರೇ ಹೇಳಿಬಿಟ್ಟಿದ್ದ: "ಶುಕ್ರವಾರ ಬೆಳಗ್ಗೆ ದೊಡ್ಡಣ್ಣನ ಓಟ ನೋಡ್ತೀನಿ. ಓಡಿದ್ರೆ ಶನಿವಾರ ಅವನು, ಮುಂದಿನ ವರ್ಷಕ್ಕೂ ಅವನೇ. ಓಡದಿದ್ರೆ ಇವನು." ಇವನು ಎಂದಾಗ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದ್ದ. ಹೆಸರು ಹೇಳುವಷ್ಟು ಖರ್ಚು ಮಾಡಲಿಲ್ಲ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಶುಕ್ರವಾರದವರೆಗೆ ಕಾಯಬಹುದಿತ್ತು. ಆದರೆ ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಪುಣ್ಯಾತ್ಮ ಶುರು ಮಾಡಿದನೋ, ಪೆಟ್ಟಾದವನ ಜಾಗದಲ್ಲಿ ಆಡುವವನೇ ಪೆಟ್ಟಾದವನಿಗೆ ದಿನಾ ಬೆಳಗ್ಗೆ ಐಸ್ ಕಟ್ಟಬೇಕು. ಹುಡುಗರಿಗೆ ವಿನಯ ಕಲಿಸುವುದಕ್ಕಂತೆ! ಹೀಗಾಗಿ ಆರು ವಾರದಿಂದ ಹಂಗಾಮಿ ಬೆಳಗಾದರೆ ಮಷೀನಿನಿಂದ ಐಸ್ ತುಂಬಿಸಿಕೊಂಡು, ಡ್ರೆಸ್ಸಿಂಗ್ ರೂಮಿನ ಪಕ್ಕದ ಕೋಣೆಯ ರೆಕ್ಸಿನ್ ಮಂಚದ ಮೇಲೆ ಕಾಲು ಚಾಚಿದ ದೊಡ್ಡಣ್ಣನ ಮಂಡಿಗೆ ಚೀಲವಿಟ್ಟು ಬಟ್ಟೆ ಸುತ್ತುತ್ತಿದ್ದ.

"ಕಾಲು ಗಂಟೆ" ಎಂದು ಫಿಸಿಯೋ ಮೇಡಂ ಮೊದಲ ದಿನವೇ ಬೆರಳಾಡಿಸಿ ಹೇಳಿದ್ದರು. "ಅದಕ್ಕಿಂತ ಜಾಸ್ತಿ ಇಟ್ರೆ ಮಂಡಿ ಮರಗಟ್ಟುತ್ತೆ. ಆಮೇಲೆ ಓಡೋಕೆ ಬಿಟ್ರೆ ನಾನು ಜವಾಬ್ದಾರಳಲ್ಲ."

ಅದಾದ ಮೇಲೆ ಟೇಪು ಹಿಡಿದು ಊತ ಅಳೆಯುವ ಶಾಸ್ತ್ರ. "ಇವತ್ತು ಸ್ವಲ್ಪ ಇಳಿದಿದೆ" ಎಂದು ಮೇಡಂ ಅಂದರೆ ಹಂಗಾಮಿ "ಒಳ್ಳೇದಾಯ್ತು ಮೇಡಂ" ಅನ್ನುತ್ತಿದ್ದ, ಭೇದಿ ಔಷಧಿ ಕುಡಿದ ಮುಖ ಮಾಡಿಕೊಂಡು. ಊತ ಹೆಚ್ಚಾದ ದಿನ "ಅಯ್ಯೋ ಪಾಪ" ಅನ್ನುತ್ತಿದ್ದ, ಅವತ್ತು ಮಾತ್ರ ತಿಂಡಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ಮನುಷ್ಯನ ಮಂಡಿ ಕೆಡಲಿ ಎಂದು ಹಾರೈಸುವಷ್ಟು ಕೀಳಾಗಿಬಿಟ್ಟೆನಲ್ಲ ಎಂದು ಅವನಿಗೇ ಅವನ ಮೇಲೆ ಅಸಹ್ಯವಾಗುತ್ತಿತ್ತು. ಆ ಅಸಹ್ಯದ ಜೊತೆಗೇ ಮಾರನೆಯ ದಿನ ಮತ್ತೆ ಅದನ್ನೇ ಹಾರೈಸುತ್ತಿದ್ದ.

ದೊಡ್ಡಣ್ಣನಾದರೂ ಸೆಡವು ತೋರಿಸುವ ಆಸಾಮಿಯಾಗಿದ್ದರೆ ದ್ವೇಷಿಸುವುದು ಸಲೀಸಾಗುತ್ತಿತ್ತು. ಅವನೋ ಮಂಚದ ಮೇಲೆ ಮಲಗಿಕೊಂಡೇ ಪಾಠ ಮಾಡುತ್ತಿದ್ದ. "ಲೋ, ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿಂದ ಮೊದಲು ಹೊರಗೆ ಓಡೋನು ನೀನು ತಾನೆ? ಚೆಂಡು ನೋಡ್ಬೇಡ. ಹೊಡೆಯೋನ ಮುಂಗೈ ನೋಡು. ಮುಂಗೈ ಸುಳ್ಳು ಹೇಳಲ್ಲ." ಹಂಗಾಮಿ ಮುಂಗೈ ನೋಡಿದ. ಎರಡು ಮ್ಯಾಚಿನಲ್ಲಿ ಎರಡು ಗೋಲು ತಡೆದ. ಜನ ಚಪ್ಪಾಳೆ ತಟ್ಟಿದರು, ಕೋಚ್ "ಹೂಂ" ಅಂದ. ಆ ಕೋಚಿನ ಬಾಯಲ್ಲಿ ಹೂಂ ಬರುವುದೆಂದರೆ ಸನ್ಮಾನ ಮಾಡಿದ ಹಾಗೆ.

ಇತ್ತ ಲಾಂಡ್ರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಅವನ ಜೊತೆಗಾರ ಕಡ್ಡಿ. ಕೆಳಗಿನ ತಂಡದವನು, ಅವನೂ ಲೆಫ್ಟ್ ಹಾಫ್, ಸರತಿಯಲ್ಲಿ ಹಂಗಾಮಿಯ ಬೆನ್ನ ಹಿಂದೆ. ಕೆಳಗಿನ ಇಸ್ತ್ರಿಯ ಹಬೆಗೆ ಇಬ್ಬರ ಕಾಲುಚೀಲಗಳೂ ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು. ಪ್ರತಿ ಸಂಜೆ ಕಡ್ಡಿ ಬಹಳ ಅಕ್ಕರೆಯಿಂದ ಕೇಳುತ್ತಿದ್ದ, "ಲೋ, ಕಾಲೆಲ್ಲ ಹೇಗಿದೆ? ಎಲ್ಲೂ ನೋವಿಲ್ಲ ತಾನೆ?" ಎಂಥ ಗೆಳೆಯ ಎಂದು ಹಂಗಾಮಿಗೆ ಕಣ್ಣು ತುಂಬಿ ಬರುತ್ತಿತ್ತು. ಕೆಲವರಿಗೆ ಬುದ್ಧಿ ಬರುವುದು ನಿಧಾನ.

ಶುಕ್ರವಾರ ಬಂತು. ಹಂಗಾಮಿ ಐಸ್ ಚೀಲ ಹಿಡಿದು ಹೋದಾಗ ದೊಡ್ಡಣ್ಣ ಆಗಲೇ ಮಂಚ ಹತ್ತಿ ಕೂತಿದ್ದ. ಕಣ್ಣು ಕೆಂಪಗಿದ್ದವು.

"ನಿದ್ದೆ ಇಲ್ಲ ಕಣೋ. ಮಗಳಿಗೆ ಹಲ್ಲುನೋವು, ಮನೆಮಂದಿಯೆಲ್ಲ ಜಾಗರಣೆ. ಐಸ್ ಕಟ್ಟು, ಒಂದು ಗಳಿಗೆ ಕಣ್ಣು ಮುಚ್ತೀನಿ. ಹೊತ್ತಾದ ತಕ್ಷಣ ಎಬ್ಬಿಸು."

"ಆಯ್ತಣ್ಣ."

ಮೇಡಂ ಗೋಲ್‌ಕೀಪರನ ಊದಿದ ಬೆರಳಿಗೆ ಪಟ್ಟಿ ಸುತ್ತಲು ಆಚೆ ಹೋಗಿದ್ದರು, ಗಂಟೆ ಹೊಡೆಯುವ ಅವರ ಟೈಮರೂ ಜೊತೆಗೇ ಹೋಗಿತ್ತು. ಉಳಿದಿದ್ದು ಗೋಡೆ ಗಡಿಯಾರ, ಹಂಗಾಮಿ, ಮತ್ತು ಆ ಮಂಡಿ. ಎರಡು ನಿಮಿಷಕ್ಕೆಲ್ಲ ದೊಡ್ಡಣ್ಣ ಗೊರಕೆ ಹೊಡೆಯತೊಡಗಿದ.

ಕಾಲು ಗಂಟೆ ಆಯಿತು. ಹಂಗಾಮಿಯ ಕೈ ಚೀಲದವರೆಗೆ ಹೋಯಿತು, ಹಾಗೇ ವಾಪಸು ಬಂತು. ಮಲಗಿದವರನ್ನು ಎಬ್ಬಿಸಬಾರದು ಎಂಬ ಸಂಸ್ಕಾರ ಎಂದೂ ಇಲ್ಲದ್ದು ಅವತ್ತು ಅವನಲ್ಲಿ ಉಕ್ಕಿ ಬಂತು. ಪಾಪ, ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ತಿರುಗಾಡಿರುತ್ತಾನೆ. ಐದು ನಿಮಿಷ ಮಲಗಿಕೊಳ್ಳಲಿ. ಮುಳ್ಳು ಇನ್ನಷ್ಟು ಸರಿಯಿತು. ನಾನೇನು ಮಾಡಿದೆ ಈಗ? ಏನೂ ಮಾಡಿಲ್ಲ, ಸುಮ್ಮನೆ ಕೂತಿದ್ದೇನೆ, ಅಷ್ಟೆ. ಅಮ್ಮ ಕಣ್ಣ ಮುಂದೆ ಬಂದಳು, ಮಾವನ ಲಿಫ್ಟು ಕಣ್ಣ ಮುಂದೆ ಬಂತು. ಕರಗಿದ ನೀರು ಮಂಚದ ಅಂಚಿನಿಂದ ತೊಟ್ಟಿಕ್ಕುತ್ತಿತ್ತು, ಅದನ್ನು ಮಾತ್ರ ಬಟ್ಟೆ ತಂದು ನೀಟಾಗಿ ಒರೆಸಿದ. ಐಸ್ ತೆಗೆಯಲಿಲ್ಲ.

"ಇನ್ನೂ ಸ್ವಲ್ಪ ಬಿಡ್ತೀಯೋ, ಸಾಕೋ?"

ದೊಡ್ಡಣ್ಣನ ಕಣ್ಣು ಮುಚ್ಚಿಯೇ ಇತ್ತು. ಗೊರಕೆ ಯಾವಾಗ ನಿಂತಿತ್ತೋ ಹಂಗಾಮಿಗೆ ಗೊತ್ತೇ ಆಗಿರಲಿಲ್ಲ. ಅವನು ದಡಬಡಿಸಿ ಎದ್ದು ನಿಂತ.

"ಅಣ್ಣಾ... ನೀವು ಮಲಗಿದ್ರಿ... ಅದಕ್ಕೇ..."

"ಹೌದಪ್ಪ, ಮಲಗಿದ್ದೆ. ನನಗಿಂತ ಮುಂಚೆ ಈ ಜಾಗದಲ್ಲಿ ಆಡ್ತಿದ್ದ ಸೀನಿಯರೂ ಹೀಗೇ ಮಲಗಿದ್ರು. ಇದೇ ಮಂಚ. ನೀನು ಕೂತ ಕಡೆ ನಾನು ಕೂತಿದ್ದೆ." ದೊಡ್ಡಣ್ಣ ಎದ್ದು ಕೂತು ತಾನೇ ಬಟ್ಟೆ ಬಿಚ್ಚಿದ. ಮಂಡಿ ಕೆಂಪಗಾಗಿ ಬಿಗಿದುಕೊಂಡಿತ್ತು. "ನಾನು ಪೂರ್ತಿ ಐಸ್ ನೀರಾಗೋವರೆಗೆ ಬಿಟ್ಟಿದ್ದೆ. ಈಗಿನ ಹುಡುಗರಿಗೆ ಯಾವುದರಲ್ಲೂ ದಮ್ಮಿಲ್ಲ."

ಅಷ್ಟು ಹೇಳಿ ಶೂ ಕಟ್ಟಿಕೊಂಡು ಹೊರಟ. ಹಂಗಾಮಿ ಅವನ ಹಿಂದೆ ಹಿಂದೆ, ನೆಲ ನೋಡಿಕೊಂಡು.

ನೀರು ಹಾಯಿಸಿದ ಟರ್ಫು ಬಿಸಿಲಿಗೆ ಹೊಳೆಯುತ್ತಿತ್ತು. ಕೋಚ್ ಸೀಟಿ ಊದಿದ. ದೊಡ್ಡಣ್ಣ ನೇರಕ್ಕೆ ಓಡಿದ, ಪರವಾಗಿಲ್ಲ. ನೆಲದ ಮೇಲಿಟ್ಟ ಮೊದಲ ಗುರುತಿನ ಹತ್ತಿರ ಎಡಕ್ಕೆ ತಿರುಗಿದ, ಪರವಾಗಿಲ್ಲ. ಎರಡನೇ ಗುರುತಿನಲ್ಲಿ ಎಡಗಾಲು ಊರಿ ತಿರುಗಬೇಕಾಗಿತ್ತು. ಅಲ್ಲಿ ಗಕ್ಕನೆ ನಿಂತುಬಿಟ್ಟ, ಬಗ್ಗಿ ಮಂಡಿ ಹಿಡಿದುಕೊಂಡ.

"ಒಂದು ಗಂಟೆ ಬಿಟ್ಟು ಇನ್ನೊಂದು ಸಲ ನೋಡೋಣ್ವಾ?" ಕೋಚ್ ಕೇಳಿದ. ಎಷ್ಟಾದರೂ ಹಳೆಯ ಆಳು.

ಒಂದು ಗಂಟೆ ಬಿಟ್ಟರೆ ಐಸಿನ ಬಿಗಿತ ಇಳಿಯುತ್ತದೆ. ಅದು ಹಂಗಾಮಿಗೂ ಗೊತ್ತು, ದೊಡ್ಡಣ್ಣನಿಗೂ ಗೊತ್ತು. 'ಕೋಚ್, ಐಸ್ ಜಾಸ್ತಿ ಹೊತ್ತು ಇಟ್ಟಿದ್ದೆ, ನನ್ನದೇ ತಪ್ಪು' ಎಂಬ ಮಾತು ಹಂಗಾಮಿಯ ಗಂಟಲವರೆಗೆ ಬಂತು. ಆರು ವಾರ ಸಾಲಾಗಿ ಆಡಿದ ಗಂಟಲು ಅದು, ಮಾತನ್ನು ಅಲ್ಲೇ ನುಂಗಿಕೊಂಡಿತು.

ದೊಡ್ಡಣ್ಣ ಒಮ್ಮೆ ಹಂಗಾಮಿಯ ಕಡೆ ನೋಡಿದ. ಕಾದ. ಆಮೇಲೆ ಕೋಚಿಗೆ ಹೇಳಿದ, "ಬೇಡ ಬಿಡಿ ಕೋಚ್. ಇದರ ಕಥೆ ಮುಗೀತು."

ಕೋಚ್ ಹೆಬ್ಬೆರಳು ಹಿಂದಕ್ಕೆ ಮಾಡಿದ. "ಸರಿ. ನಾಳೆ ನೀನು. ಮುಂದಿನ ವರ್ಷಕ್ಕೂ. ಖಾಯಂ."

ಮೂರು ವರ್ಷ ಕಾದ ಮಾತು ಎರಡು ಉಸಿರಿನಲ್ಲಿ ಮುಗಿದುಹೋಯಿತು. ಕುಣಿದಾಡಬೇಕಿತ್ತು. ಹಂಗಾಮಿ ಮಾತ್ರ ಒಳಗೆ ಹೋಗಿ ಐಸ್ ಚೀಲದ ನೀರು ಚೆಲ್ಲಿ ಬಂದ.

ಮಧ್ಯಾಹ್ನ ದೊಡ್ಡಣ್ಣ ಲಾಕರು ಖಾಲಿ ಮಾಡುತ್ತಿದ್ದ. ಹಳೆ ಶಿನ್ ಗಾರ್ಡು, ಹರಿದ ಟವೆಲ್ಲು, ಮಗಳು ಬರೆದ ಆನೆಯಂಥದ್ದೊಂದು ಚಿತ್ರ. ಕೀಲಿ ತಂದು ಹಂಗಾಮಿಯ ಕೈಯಲ್ಲಿಟ್ಟ. ಹಂಗಾಮಿಗೆ ತಡೆಯಲಾಗಲಿಲ್ಲ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳಿ. ಮಂಡಿ ನಿಜವಾಗ್ಲೂ ಹೋಗಿತ್ತಾ, ಇಲ್ಲ ನಾನು ಐಸ್ ಬಿಟ್ಟಿದ್ದಕ್ಕೆ ಹಾಗಾಯ್ತಾ?"

ದೊಡ್ಡಣ್ಣ ಜೋರಾಗಿಯೇ ನಕ್ಕ. "ಹೇಳಿದ್ರೆ ಇವತ್ತಿಂದಲೇ ನಿನಗೆ ಒಳ್ಳೇ ನಿದ್ದೆ."

"ಹೇಳಿ ಅಣ್ಣಾ."

"ನಾನೂ ನಮ್ಮ ಸೀನಿಯರ್‌ನ ಹೀಗೇ ಗೋಗರೆದಿದ್ದೆ. ಹೇಳಲಿಲ್ಲ ಅವರು. ಸಾಯೋವರೆಗೂ ಹೇಳಲಿಲ್ಲ. ಆ ಸಂಕಟಕ್ಕೇ ಕಣೋ, ಕಾಲು ನೆಟ್ಟಗಿದ್ದಾಗ ಒಂದು ದಿನವೂ ಪ್ರಾಕ್ಟೀಸ್ ತಪ್ಪಿಸದೆ ಇಷ್ಟು ವರ್ಷ ಓಡಿದ್ದು. ಈ ಜಾಗ ನನ್ನದೇ ಅಂತ ನನಗೇ ನಂಬಿಸೋಕೆ." ಬ್ಯಾಗು ಹೆಗಲಿಗೇರಿಸಿದ. "ನೀನೂ ಚೆನ್ನಾಗಿ ಓಡ್ತೀಯ ಬಿಡು."

ಕುಂಟುತ್ತಿದ್ದಾನೋ ಇಲ್ಲವೋ ಎಂದು ಹಂಗಾಮಿ ಬಾಗಿಲವರೆಗೂ ಅವನ ಕಾಲನ್ನೇ ನೋಡಿದ. ಬ್ಯಾಗಿನ ಭಾರಕ್ಕೆ ಮೈ ವಾಲುತ್ತಿತ್ತು, ಏನೂ ತಿಳಿಯಲಿಲ್ಲ.

ಆಮೇಲೇನು, ಎಲ್ಲ ಸುಖವೇ. ಅಮ್ಮ ನೆಂಟರಿಷ್ಟರಿಗೆಲ್ಲ ಫೋನು ಮಾಡಿ ತಲೆ ತಿಂದಳು. ಮಾವ ಲಿಫ್ಟಿಗೆ ಬೇರೆ ಹುಡುಗನನ್ನು ಹಾಕಿಕೊಂಡ. ಗೋಡೆಯ ಮೇಲೆ ಹಲ್ಲು ಕಾಣುವಂಥ ಫೋಟೋ ಬಂತು. ಹಂಗಾಮಿ ಎಂಬ ಹೆಸರು ಮಾತ್ರ ಹಾಗೇ ಉಳಿಯಿತು, ಖಾಯಂ ಆದವನಿಗೆ ಹೊಸ ಹೆಸರು ಹುಡುಕುವಷ್ಟು ಪುರುಸೊತ್ತು ಯಾರಿಗಿದೆ? ಎಲ್ಲರಿಗಿಂತ ಮೊದಲು ಪ್ರಾಕ್ಟೀಸಿಗೆ ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದ. ಏನು ಶ್ರದ್ಧೆ, ಏನು ಶಿಸ್ತು ಎಂದು ಕೋಚ್ ಕೆಳಗಿನ ತಂಡದ ಹುಡುಗರಿಗೆ ಅವನನ್ನೇ ತೋರಿಸುತ್ತಿದ್ದ.

ಹೊಸ ಸೀಸನ್ನಿನ ಮಧ್ಯದಲ್ಲಿ ಒಂದು ಚೆಂಡು ನೆಟ್ಟಗೆ ಬಂದು ಅವನ ಪಾದಕ್ಕೆ ಬಡಿಯಿತು. ಮೂಳೆ ಮುರಿದಿಲ್ಲ, ಹತ್ತು ದಿನ ಬಿಡುವು ಸಾಕು ಎಂದರು ಮೇಡಂ. ಕೋಚ್ ಕೆಳಗೆ ಕಣ್ಣು ಹಾಯಿಸಿ, "ಕಡ್ಡಿ, ನೀನು ಬಾ, ಸದ್ಯಕ್ಕೆ" ಅಂದ.

ಮಾರನೆಯ ಬೆಳಗ್ಗೆ ಹಂಗಾಮಿ ರೆಕ್ಸಿನ್ ಮಂಚದ ಮೇಲೆ ಕಾಲು ಚಾಚಿದ್ದ. ರಾತ್ರಿಯೆಲ್ಲ ಪಾದ ಸಿಡಿದು ರೆಪ್ಪೆಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕಡ್ಡಿ ಐಸ್ ಚೀಲ ಹಿಡಿದುಕೊಂಡು ಒಳಗೆ ಬಂದ.

"ಪಾದ ಹೇಗಿದೆ ಅಣ್ಣಾ?"

ಇಷ್ಟು ವರ್ಷ ಒಂದೇ ಹಗ್ಗದಲ್ಲಿ ಕಾಲುಚೀಲ ಒಣಗಿಸಿಕೊಂಡು 'ಲೋ' ಎನ್ನುತ್ತಿದ್ದವನು ಅಣ್ಣಾ ಅಂದಿದ್ದ.

"ಏನಿಲ್ಲ, ಆರಾಮಾಗಿದೆ. ನಾಳೆನೇ ಓಡ್ತೀನಿ ನೋಡು."

"ಮುಖ ನೋಡಿದ್ರೆ ನಿದ್ದೆ ಆದ ಹಾಗಿಲ್ಲ." ಕಡ್ಡಿ ಮೆತ್ತಗೆ, ಬಹಳ ಅಕ್ಕರೆಯಿಂದ ಬಟ್ಟೆ ಸುತ್ತಿದ. "ನಿಶ್ಚಿಂತೆಯಾಗಿ ಮಲಗಿ. ಟೈಮ್ ನಾನು ನೋಡ್ಕೋತೀನಿ."

ಹಂಗಾಮಿ ಎರಡೂ ಕಣ್ಣು ಅಗಲಿಸಿ ಗೋಡೆ ಗಡಿಯಾರದ ಮೇಲೆ ನೆಟ್ಟ.