ಗಾಯವಿಲ್ಲದ ಜಾಗ

ನಾಲ್ಕು ಜನರೆದುರು ಆಡುವ ಮಾತಲ್ಲ ಇದು. ಆಡಿದ್ದಕ್ಕೆ ಓದುವವರು ಮನ್ನಿಸಬೇಕು.

"ಇನ್ನೂ ಬಿಗಿಯಾಗ್ ಕಟ್ಟು, ಪಂಚೆಗೆ ರಕ್ತ ಹತ್ತಬಾರ್ದು," ಎಂದು ಕಾಟಪ್ಪ ಹಲ್ಲು ಕಚ್ಚಿದ. ಹೆಂಡತಿ ಗಂಗಲಕ್ಷ್ಮಿ ಬಟ್ಟೆಯ ಪಟ್ಟಿಯನ್ನು ಇನ್ನೊಂದು ಸುತ್ತು ಎಳೆದು ಗಂಟು ಹಾಕಿದಳು. ಆಮೇಲೆ ತೊಡೆಸಂದಿಯ ಮೇಲುಗಡೆ, ಏನೂ ಆಗಿರದ ಚರ್ಮಕ್ಕೆ, ಅಗಲವಾದ ಪ್ಲಾಸ್ಟರು ಅಂಟಿಸಿದಳು.

ಸಕ್ಕರೆ ಕಾಯಿಲೆಯಿಂದ ಮುಂದೊಗಲು ಬಿಗಿದು ಉಚ್ಚೆ ಹೊಯ್ಯಲೂ ಆಗದೆ, ಮಧುಗಿರಿಯಲ್ಲಿ ಅದನ್ನು ಕತ್ತರಿಸಿ ತೆಗೆಸಿಕೊಂಡು ಬಂದಿದ್ದ. ತನ್ನೂರು ಚನ್ನರಾಯನದುರ್ಗದಲ್ಲಿ ಹೇಳಿದ್ದು ಹರ್ನಿಯ ಆಪರೇಷನ್ ಎಂದು. ಡಾಕ್ಟರು ಬರೆದುಕೊಟ್ಟ ಚೀಟಿ ಬಸ್ಸಿನ ಕಿಟಕಿಯಿಂದ ಹಾರಿಹೋಗಿತ್ತು, ಅವನೇ ಹಾರಿಸಿದ್ದ. ಸೊಸೆ ಸಹನಾ ಊರಿನ ಆಸ್ಪತ್ರೆಯಲ್ಲೇ ನರ್ಸು.

"ಈ ವಯಸ್ನಾಗೆ ಸುನ್ನತಿ ಮಾಡಿಸ್ಕಂಡ ಅಂತ ಊರೆಲ್ಲ ನಗಾಕಾ? ಸೊಸೆ ಮುಂದೆ ಬಾಯ್ಬುಟ್ರೆ ನನ್ನ ಹೆಣ ನೋಡ್ತೀಯ," ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ.

ನೋಡಲು ಬಂದ ಗಂಗಲಕ್ಷ್ಮಿಯ ತಮ್ಮ ಮುತ್ತುರಾಜು, "ಹರ್ನಿಯ ಬರಾಕೆ ಅದ್ಯಾವ ಮೂಟೆ ಎತ್ತಿದ್ಯೋ ಭಾವ? ಮುದ್ದೆ ತಟ್ಟೆ ಬುಟ್ರೆ ನೀನೇನೂ ಎತ್ತಿದ್ದು ನಾ ಕಾಣೆ!" ಎಂದ. ಕಾಟಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಸಹನಾ ಡ್ಯೂಟಿಗೆ ಹೊರಡುವ ಮುಂಚೆ, ಪಂಚೆಯ ಅಂಚಿಗೆ ಕಾಣುವ ಪ್ಲಾಸ್ಟರನ್ನು ಬಗ್ಗಿ ನೋಡುತ್ತಿದ್ದಳು. "ಒಣಗೈತೆ ಮಾವ, ಚೆನ್ನಾಗೈತೆ."

ಜ್ವರ ಬಂತು. ಕೋಣೆಯಲ್ಲಿ ವಾಸನೆ ಹುಟ್ಟಿತು. ಗಂಗಲಕ್ಷ್ಮಿ ಸಾಂಬ್ರಾಣಿ ಹಾಕಿದಳು. ಒಂದು ಬೆಳಗ್ಗೆ ಗಂಟು ಬಿಚ್ಚಿದರೆ, ಬಟ್ಟೆಯ ಕೆಳಗಿದ್ದದ್ದು ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ನೋವೇ ಇಲ್ಲ ಕಣಮ್ಮಿ. ವಾಸಿಯಾಗ್ತೈತೆ," ಎಂದ ಕಾಟಪ್ಪ.

ಬಾಗಿಲಲ್ಲಿ ಸಹನಾಳ ದನಿ. "ಅತ್ತೆ, ಜ್ವರ ಯಾಕೆ ಇಳೀತಿಲ್ಲ? ಹೊಲಿಗೆ ಒಳಗೆ ಕೀವಾಗೈತೇನೋ, ಬಿಚ್ಚಿ ನೋಡ್ತೀನಿ."

ಕಾಟಪ್ಪ ಪಂಚೆ ಎಳೆದುಕೊಂಡು ಹೆಂಡತಿಯನ್ನು ದುರುಗುಟ್ಟಿ ನೋಡಿದ. ಗಂಗಲಕ್ಷ್ಮಿ ಬಾಯಿ ಬಿಡಲಿಲ್ಲ. ಬಗ್ಗಿ, ಪ್ಲಾಸ್ಟರನ್ನು ಒಂದೇ ಏಟಿಗೆ ಕಿತ್ತಳು.

ಅಡಿಯಲ್ಲಿ ಬಿಳುಪೇರಿದ ನುಣುಪು ಚರ್ಮ. ಒಂದು ಗೀರೂ ಇಲ್ಲ. ಸಹನಾ ಅತ್ತೆಯ ಮುಖ ನೋಡಿದಳು. ಕಾಟಪ್ಪ ಗೋಡೆಯ ಕಡೆ ಹೊರಳಿದ.

ತುಮಕೂರಿನಲ್ಲಿ ಕೊಳೆತಷ್ಟನ್ನು ಕತ್ತರಿಸಿ ತೆಗೆದು ಜೀವ ಉಳಿಸಿದರು. ಅವನೀಗ ಹೆಂಡತಿಯೊಡನೆ ಮಾತಾಡುವುದಿಲ್ಲ. ಮುತ್ತುರಾಜು ಬಂದರೆ ಮಾತ್ರ ಅದೇ ಹರ್ನಿಯದ ಮಾತು, ಅದೇ ನಗು. ಗಂಗಲಕ್ಷ್ಮಿ ಎಮ್ಮೆಯ ಕೊರಳಿಗೆ ಹಗ್ಗ ಕಟ್ಟುವಾಗ ಗಂಟು ಬಿಗಿದು, ಮತ್ತೆ ಸಡಿಲಿಸಿ, ಸಂದಿಯಲ್ಲಿ ಬೆರಳು ತೂರಿಸಿ ನೋಡುತ್ತಾಳೆ. ಕೊಳೆಸಿದ್ದು ಸಕ್ಕರೆಯೋ, ಕತ್ತರಿಯೋ, ಅವಳು ಹಾಕಿದ ಗಂಟೋ, ಡಾಕ್ಟರು ಹೇಳಲಿಲ್ಲ. ಅವಳೂ ಕೇಳಲಿಲ್ಲ.