ಮಡಿಯ ತೇಜಸ್ಸು

ಶಿಡ್ಲಘಟ್ಟದ ವಾದಿರಾಜಾಚಾರ್ಯರು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳುತ್ತಿದ್ದರು. ತರ್ಕಶಾಸ್ತ್ರವನ್ನು ಗುರುಮುಖೇನ ಓದಿದವರು. ಕಾರಣವಿಲ್ಲದೆ ಕಾರ್ಯ ಹುಟ್ಟದೆಂಬ ಮಾತು ಅವರ ಉಸಿರಿನಲ್ಲೇ ಬೆರೆತುಹೋಗಿತ್ತು. ಅಂಥವರು ಆ ವರ್ಷದ ಮಾಘಮಾಸದಲ್ಲಿ ಒಂದು ತಗಡಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅದು ಹೊರಡಿಸುವ ಪೀ ಪೀ ಎಂಬ ಆರ್ತನಾದಕ್ಕೆ ಕಾರಣ ಕಾಣದೆ ಕಂಗೆಟ್ಟಿದ್ದರು.

ಪೆಟ್ಟಿಗೆಯೆಂದರೆ ಕಂಪ್ಯೂಟರು. ಬೆಂಗಳೂರಿನಿಂದ ಬಿಡಿಭಾಗಗಳನ್ನು ತಂದು, ಪುಸ್ತಕ ನೋಡಿಕೊಂಡು, ಹಿಂದಿನ ಆಷಾಢದ ಜಡಿಮಳೆಯಲ್ಲಿ ತಾವೇ ಜೋಡಿಸಿದ್ದರು. ಅದರೊಳಗೆ ತುಂಬಿದ್ದು ತಾಯಿ ಕಮಲಮ್ಮನವರ ಕಂಠ. ತೊಂಡೇಬಾವಿಯ ತವರಿನಿಂದ ಆಕೆ ತಂದಿದ್ದ ಮದುವೆಯ ಉರುಟಣೆಯ ಹಾಡು, ತುಳಸಿಯನ್ನು ಎಬ್ಬಿಸುವ ಹಾಡು, ಲಕ್ಷ್ಮಿಗೆ ಹೂ ಮುಡಿಸುವ ಹಾಡು, ಇವು ಬೇರೆ ಯಾರ ಬಾಯಲ್ಲೂ ಉಳಿದಿರಲಿಲ್ಲ. ಬರೆದುಕೊಳ್ಳಲು ಆಕೆ ಬಿಟ್ಟವರಲ್ಲ. “ಬರೆದ ಹಾಡು ಬಾಯನ್ನ ಬಿಟ್ಟುಹೋದ ಹಾಡು ಕಣೋ” ಎನ್ನುತ್ತಿದ್ದರು. ಯಂತ್ರಕ್ಕೆ ಒಪ್ಪಿದ್ದು ಅದೂ ಬಾಯಿಂದಲೇ ಕಲಿಯುತ್ತದೆಂಬ ಸಮಾಧಾನದಿಂದ, ಜೊತೆಗೊಂದು ಕಟ್ಟಳೆಯಿಂದ.

“ದೇವರ ಹಾಡು ಇರೋ ಪೆಟ್ಟಿಗೆ ಅಂದ್ಮೇಲೆ ಅದೂ ದೇವರ ಪೆಟ್ಟಿಗೇನೇ. ಸ್ನಾನ ಮಾಡಿ ಧಾಬಳಿ ಉಟ್ಕೊಂಡು ಮುಟ್ಟು. ಮೈಲಿಗೇಲಿ ಮುಟ್ಟಿದ್ಯೋ, ನಾನು ಬಾಯಿ ಬಿಡಲ್ಲ ನೋಡು.”

ಹಾಗಾಗಿ ಯಂತ್ರ ದೇವರಮನೆಯ ಪಕ್ಕದಲ್ಲಿ ನೆಲೆಗೊಂಡಿತು. ಆಚಾರ್ಯರು ತಂದೆಯ ಕಾಲದ ಉಣ್ಣೆಯ ಧಾಬಳಿ ಉಟ್ಟಲ್ಲದೆ ಅದನ್ನು ಮುಟ್ಟಲಿಲ್ಲ.

ಪುಷ್ಯದಲ್ಲಿ ಪಾರ್ಶ್ವವಾಯು ಬಡಿಯಿತು. ಕಮಲಮ್ಮನವರ ಬಲಗೈ ಹೋಯಿತು, ಮಾತೂ ಹೋಯಿತು. ಚಿಕ್ಕಬಳ್ಳಾಪುರದ ವೈದ್ಯರು ಕೈಯ ಆಸೆ ಬಿಡಿಸಿದರು. ಮಾತಿನ ವಿಷಯಕ್ಕೆ ಮಾತ್ರ, “ಅವರೇ ಹಾಡಿರೋದನ್ನ ದಿನಾ ಹಾಸಿಗೆ ಹತ್ರ ಕೇಳಿಸಿ. ಮಾತು ಬರದೆ ಇದ್ದೋರಿಗೂ ಕೆಲವು ಸಲ ಹಾಡು ಬರುತ್ತೆ, ಹಾಡಿನ ಹಿಂದೆ ಮಾತೂ ಬರಬಹುದು” ಎಂದರು. ಆಚಾರ್ಯರು ಆ ‘ಬರಬಹುದು’ ಎಂಬುದನ್ನು ಉಪದೇಶದಂತೆ ಕಟ್ಟಿಕೊಂಡು ಮನೆಗೆ ಬಂದರು. ಮಡಿಯ ಯಂತ್ರವನ್ನು ಹಾಸಿಗೆಯ ಬಳಿಗೆ ತರುವಂತಿರಲಿಲ್ಲ, ಹಾಡುಗಳನ್ನು ಸೀಡಿಗೆ ಇಳಿಸಬೇಕಿತ್ತು. ಯಂತ್ರ ಅಷ್ಟು ಭಾರಕ್ಕೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ರ‍್ಯಾಮ್ ಸಾಲದು ಎಂದರು ಬಲ್ಲವರು. ರ‍್ಯಾಮ್ ಎಂದರೆ ಯಂತ್ರ ಕೆಲಸ ಮಾಡುವಷ್ಟು ಹೊತ್ತು ಎಲ್ಲವನ್ನೂ ನೆನಪಿನಲ್ಲಿ ಹಿಡಿಯುವ ಗೇಣುದ್ದದ ಹಸಿರು ಪಟ್ಟಿ. ಚಿಂತಾಮಣಿಯ ಜಗನ್‌ನ ಅಂಗಡಿಯಿಂದ ಇನ್ನೊಂದು ಪಟ್ಟಿ ತಂದು ಹಳೆಯದರ ಪಕ್ಕಕ್ಕೆ ಸಿಕ್ಕಿಸಿದ್ದೇ ತಡ, ಯಂತ್ರ ಪೀ ಎಂದು ಕೂಗಿ ಕಣ್ಣು ಮುಚ್ಚಿತು.

ಮರುದಿನ ಎರಡನ್ನೂ ಹೊತ್ತು ಚಿಂತಾಮಣಿಗೆ ಹೋದಾಗ ಜಗನ್ ಎತ್ತಿ ನೋಡಿ ನಕ್ಕನು.

“ಏಂ ಸ್ವಾಮಿ, ಸಾಲಾವಳಿ ನೋಡ್ದೆ ಮದ್ವೆ ಮಾಡ್ಬಿಟ್ಟಿದ್ದೀರಲ್ಲ! ಹಳೇದು ನಿಧಾನದ್ದು, ಹೊಸದು ವೇಗದ್ದು. ಎಲ್ಲಿ ಕೂಡ್ತವೆ?”

“ನೀನೇ ಅಲ್ವೇನಪ್ಪ ಕೊಟ್ಟಿದ್ದು?”

“ಹೆಣ್ಣು ತೋರ್ಸೋನು ನಾನು ಸ್ವಾಮಿ. ಜಾತಕ ನೋಡೋರು ನೀವಲ್ವಾ?”

ಆಚಾರ್ಯರಿಗೂ ನಗು ಬಂತು. “ನಮ್ಮಲ್ಲಿ ಸಗೋತ್ರ ಆಗಲ್ಲ ಕಣಯ್ಯ. ನಿಮ್ಮಲ್ಲಿ ಸಗೋತ್ರಾನೇ ಆಗ್ಬೇಕೇನು?”

“ಗೋತ್ರ, ನಕ್ಷತ್ರ, ಪಾದ, ಎಲ್ಲಾ ಒಂದೇ ಇರ್ಬೇಕು. ತಗೊಳ್ಳಿ, ಅವಳಿ ಮಕ್ಕಳು,” ಎಂದು ಹಳೆಯದನ್ನೂ ಇಟ್ಟುಕೊಂಡು, ಒಂದೇ ತೆರನಾದ ಎರಡು ಪಟ್ಟಿಗಳನ್ನು ಕೊಟ್ಟನು. ಆ ನಗುವೇ ಆಚಾರ್ಯರ ಕೊನೆಯ ನಗುವಾಯಿತು.

ಅವಳಿಗಳನ್ನು ಹಾಕಿದಾಗ ಯಂತ್ರ ಏಳುವುದು, ಅರ್ಧ ಕೆಲಸಕ್ಕೆ ನಿಲ್ಲುವುದು. ಆಚಾರ್ಯರು ಶಾಸ್ತ್ರದ ಮೊರೆಹೊಕ್ಕರು. ಒಂದು ಇದ್ದಾಗ ಇನ್ನೊಂದು ಇರುವುದೇ, ಅದಿಲ್ಲದಾಗ ಇದಿಲ್ಲವೇ ಎಂದು ನೋಡುವ ಅನ್ವಯ-ವ್ಯತಿರೇಕವೇ ಕಾರಣವನ್ನು ಹಿಡಿಯುವ ರಾಜಮಾರ್ಗ. ದಿನವೂ ಶಾಲೆಯಿಂದ ಬಂದು, ಮಿಂದು, ಧಾಬಳಿ ಉಟ್ಟು, ಮೊದಲನೆಯ ಪಟ್ಟಿಯನ್ನು ತೆಗೆದು ಎರಡನೆಯದನ್ನಷ್ಟೇ ಇಡುವರು. ಅದನ್ನು ತೆಗೆದು ಮೊದಲನೆಯದನ್ನು ಇಡುವರು. ಈ ಕಂಡಿಯದನ್ನು ಆ ಕಂಡಿಗೆ ಬದಲಿಸುವರು. ಪಟ್ಟಿಯ ಹೊನ್ನಬಣ್ಣದ ಹಲ್ಲುಗಳಲ್ಲಿ ಧೂಳಿದ್ದೀತೆಂದು ಧಾಬಳಿಯ ಅಂಚಿನಿಂದ ಭಕ್ತಿಯಿಂದ ಒರೆಸುವರು. ಆಗಾಗ ಬೆರಳ ತುದಿಯಲ್ಲಿ ಚಟ್ ಎನ್ನುವುದು. ಚಳಿಗಾಲದ ಒಣಹವೆ ಎಂದು ಸುಮ್ಮನಾಗುವರು. ಆದರೆ ನಿನ್ನೆ ನಿರ್ದೋಷಿಯೆಂದು ತೀರ್ಮಾನವಾದ ಪಟ್ಟಿ ಇಂದು ದೋಷಿಯಾಗುತ್ತಿತ್ತು. ಪರೀಕ್ಷೆ ಮಾಡಿದಷ್ಟೂ ಕೆಡುಕು ಹೆಚ್ಚುತ್ತಿತ್ತು. ಇಂಥ ಪ್ರಸಂಗವನ್ನು ಅವರ ಯಾವ ಗ್ರಂಥವೂ ಕಂಡಿರಲಿಲ್ಲ.

ಕಡೆಗೊಂದು ಸಂಜೆ, ಎರಡನೆಯ ಪಟ್ಟಿಯೊಂದನ್ನೇ ನಂಬಿ ಯಂತ್ರ ಸದ್ದಿಲ್ಲದೆ ಎದ್ದು ಕುಳಿತಿತು. ದೇವರ ಅನುಗ್ರಹವೆಂದು ಆಚಾರ್ಯರು ಕೈಮುಗಿದು, ಹಾಡುಗಳನ್ನೆಲ್ಲ ಒಂದೇ ಫೈಲಿನ ಗಂಟಾಗಿ ಕಟ್ಟಲು ಆಜ್ಞೆಯಿತ್ತರು. ಗಂಟು ಕಟ್ಟಿತು. ಹಾರ್ಡ್‌ಡಿಸ್ಕಿನಲ್ಲಿ ಜಾಗ ಮುಗಿದಿತ್ತು. ಬಿಡಿ ಹಾಡುಗಳನ್ನು ಅಳಿಸಿದರೆ ಮಾತ್ರ ಸೀಡಿಯ ಕೆಲಸ ಮುಂದುವರಿಯುವಂತಿತ್ತು.

ಹೆಂಡತಿ ಶ್ರೀವಲ್ಲಿ ಬಾಗಿಲಲ್ಲೇ ನಿಂತಳು. “ಒಂದ್ಸಲ ಬಿಚ್ಚಿ ಕೇಳಿ, ಆಮೇಲೆ ಅಳಿಸಬಾರ್ದೇನೂಂದ್ರೆ?”

“ಬಿಚ್ಚೋಕೆ ಜಾಗ ಎಲ್ಲಿದೆ ಮಾರಾಯ್ತಿ? ಕಟ್ಟಿದ್ದೀನಿ ಅಂತ ಅದೇ ಹೇಳ್ತಾ ಇದೆ. ಯಂತ್ರ ಸುಳ್ಳು ಹೇಳುತ್ಯೇ?”

ಅಳಿಸಿದರು. ಗಂಟನ್ನು ಬಿಚ್ಚಹೋದರೆ ಅದು ಬಿಚ್ಚಿಕೊಳ್ಳಲಿಲ್ಲ. ಕೆಟ್ಟ ನೆನಪಿನಲ್ಲಿ ಹಾದುಬಂದ ಅಕ್ಷರಗಳು ಒಳಗೊಳಗೇ ಕಲಸಿಹೋಗಿದ್ದವು. ಬಗೆಬಗೆಯಾಗಿ ಗೋಗರೆದ ಮೇಲೆ ಒಂದೇ ಒಂದು ಹಾಡು ಹೊರಬಂದಿತು: ಕಮಲಮ್ಮನವರು ಗಂಟಲು ಸರಿಮಾಡಿಕೊಳ್ಳುವ ಸದ್ದು, “ಶುರು ಮಾಡ್ಲೇನೋ?” ಎಂಬ ಪ್ರಶ್ನೆ, ಆಮೇಲೆ ಕಲ್ಲು ರುಬ್ಬಿದಂಥ ಗರಗರ. ಅಷ್ಟೇ.

ಶ್ರೀವಲ್ಲಿ ಒಳಗೆ ಹೋದಳು. ಅದೇ ಹೊತ್ತಿಗೆ ಕರೆಂಟು ಹೋಯಿತು.

ಮುಸ್ಸಂಜೆಯ ಕತ್ತಲಲ್ಲಿ ಆಚಾರ್ಯರು ಧಾಬಳಿಯನ್ನು ಬಿಚ್ಚಿದರು. ಮಡಿಕೆಯಿಂದ ಮಡಿಕೆಗೆ ಚಟಪಟನೆ ನೀಲಿ ಕಿಡಿಗಳು ಹರಿದವು. ಅವರು ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಎಳೆಯ ವಯಸ್ಸಿನಲ್ಲಿ ತಂದೆಯವರು ಪೂಜೆ ಮುಗಿಸಿ ಇದೇ ಧಾಬಳಿ ಬಿಚ್ಚುವಾಗ ಈ ಕಿಡಿಗಳನ್ನು ಕಂಡು ತಾವು ಹೆದರಿದ್ದರು. ತಾಯಿ ತೊಡೆಯ ಮೇಲೆ ಕೂರಿಸಿಕೊಂಡು, “ಅದು ಮಡಿಯ ತೇಜಸ್ಸು ಕಣಪ್ಪ, ಕೈಮುಗಿ” ಎಂದಿದ್ದರು. ಉಣ್ಣೆಯ ವಿದ್ಯುತ್ತು ಈ ಪಟ್ಟಿಗಳನ್ನು ಸುಡುತ್ತದೆಂದು ಪುಸ್ತಕದಲ್ಲಿ ಓದಿಯೂ ಇದ್ದರು. ಓದಿದ್ದು ಒಂದು ಕೋಣೆಯಲ್ಲಿ, ಉಟ್ಟದ್ದು ಇನ್ನೊಂದು ಕೋಣೆಯಲ್ಲಿ ಉಳಿದಿತ್ತು. ಬೆಂಕಿ ಇದ್ದಲ್ಲೆಲ್ಲ ಹೊಗೆ ಏಳದು, ಹಸಿ ಸೌದೆ ಕೂಡಿದಾಗಲೇ ಏಳುತ್ತದೆ. ಆ ಮರೆಯ ನಿಮಿತ್ತವನ್ನು ಉಪಾಧಿಯೆಂದು ವರ್ಷವರ್ಷವೂ ಹೇಳಿಕೊಟ್ಟ ಬಾಯಿ ಅವರದು. ಆಷಾಢದ ತೇವದಲ್ಲಿ ಇಲ್ಲದ ಕಿಡಿ ಮಾಘದ ಒಣಹವೆಯಲ್ಲಿ ಹುಟ್ಟಿತ್ತು. ಪರೀಕ್ಷಿಸುವ ಕೈಯೇ ಕೊಲ್ಲುತ್ತಿತ್ತು.

ಕರೆಂಟು ಬಂದಾಗ ಅವರು ಪಂಚೆಯುಟ್ಟು ತಾಯಿಯ ಹಾಸಿಗೆಯ ಬಳಿ ಬಂದು ಕುಳಿತರು. ಇವತ್ತು ಹಾಡು ಕೇಳಿಸ್ತೀನಮ್ಮ ಎಂದು ಬೆಳಗ್ಗೆ ಮಾತು ಕೊಟ್ಟಿದ್ದರು. ಕಮಲಮ್ಮನವರು ಕಾದಿದ್ದರು, ಬಾಚಿಸಿಕೊಂಡು, ನಾಮ ಹಚ್ಚಿಸಿಕೊಂಡು ಕಾದಿದ್ದರು.

“ಅಮ್ಮ...” ಎಂದರು.

ಕಮಲಮ್ಮನವರು ಮಗನ ಪಂಚೆಯನ್ನು ನೋಡಿದರು. ಹುಬ್ಬು ಗಂಟಿಕ್ಕಿತು. ಎಡಗೈಯನ್ನು ಪ್ರಯಾಸದಿಂದ ಎತ್ತಿ ಮೇಲಿನ ಗಳುವಿನತ್ತ ತೋರಿಸಿದರು. ಅಲ್ಲಿ ಧಾಬಳಿ ತೂಗುತ್ತಿತ್ತು. ಮೈಲಿಗೆಯಲ್ಲಿ ಬಂದು ಕುಳಿತರೆ ಹಾಡು ಹೇಗೆ ಕೇಳಿಸೀತು ಎಂಬ ಗದರಿಕೆ ಆ ಕಣ್ಣಿನಲ್ಲಿತ್ತು. ಅದರ ಹಿಂದೆ ತಪ್ಪು ತಿದ್ದಿದರೆ ಎಲ್ಲ ಸರಿಹೋಗುತ್ತದೆಂಬ ನಂಬಿಕೆ.

ಆಚಾರ್ಯರು ಎದ್ದರು. ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡರು. ಮಡಿಕೋಲಿನಿಂದ ಧಾಬಳಿಯನ್ನು ಇಳಿಸಿ ಉಟ್ಟು, ಮತ್ತೆ ಬಂದು ಕುಳಿತು, ತಾಯಿಯ ಎಡಗೈಯನ್ನು ಹಿಡಿದರು. ಬೆರಳಿಗೆ ಬೆರಳು ಸೋಕುವಲ್ಲಿ ಚಟ್ ಎಂದಿತು. ಕಮಲಮ್ಮನವರ ಮುಖ ಅರಳಿತು. ಅವರು ಕಣ್ಣು ಮುಚ್ಚಿಕೊಂಡು, ಹಾಡು ಶುರುವಾಗುವುದನ್ನೇ ಕಾಯತೊಡಗಿದರು.